ತಲೆಯ ಗಡ್ಡೆ, ತೆಲುಗು ಐಸಿಯು, ಕನ್ನಡದ ರೋಗಿ

ಮಿದುಳಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ನಮ್ಮ ರಾಜ್ಯದಲ್ಲೇ ಇರುವಾಗ, ತಲೆಯೊಳಗಿನ ಗಡ್ಡೆಯ ಆಪರೇಷನ್ನಿಗೆ ಬೀದರಿನವರು ಹೈದರಾಬಾದಿಗೆ ಯಾಕೆ ಹೋಗ್ತಾರೆ ಅಂತ ನೀವು ಕೇಳಬಹುದು. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ., ಜಹೀರಾಬಾದ್ ಮೇಲೆ ಹೈದರಾಬಾದ್ ಸುಮಾರು 140. ಗಡ್ಡೆಯ ಸುತ್ತ ಬಾವು ಏರಿ ವಾಂತಿ, ಮಂಪರು ಶುರುವಾದವರನ್ನು ರಾತ್ರಿಯಿಡೀ ಒಯ್ಯುವುದು ಆಗದ ಮಾತು. ಕಲಬುರಗಿ, ಆಳಂದದವರಿಗೆ ಸೊಲ್ಲಾಪುರವೂ ಹತ್ತಿರವೇ.

ಆಂಬುಲೆನ್ಸಿನಲ್ಲಿ ತಲೆದೆಸೆ 30 ಡಿಗ್ರಿ ಎತ್ತರ ಇರಲಿ, ಕುತ್ತಿಗೆ ನೆಟ್ಟಗಿರಲಿ. ಕುತ್ತಿಗೆ ಹೊರಳಿದರೆ ತಲೆಯಿಂದ ರಕ್ತ ಇಳಿಯುವ ನಾಳ ಅಮುಕಿ ತಲೆಯೊಳಗಿನ ಒತ್ತಡ ಇನ್ನೂ ಏರುತ್ತದೆ. ಸುಸ್ತಾಗ್ಯಾರ ಅಂತ ಗ್ಲೂಕೋಸ್ ಬಾಟಲಿಗೆ ಹಟ ಹಿಡಿಯಬೇಡಿ. ಶುಗರ್ ಇಳಿದಿಲ್ಲ ಎಂದಾದರೆ ಅದು ಬಾವು ಹೆಚ್ಚಿಸುತ್ತದೆ, ಉಪ್ಪುನೀರಿನ ನಾರ್ಮಲ್ ಸಲೈನ್ ಸಾಕು. ತಲೆಯೊಳಗಿನ ಬಾವು ಇಳಿಸಲು ಏರಿಸುವ 20% ಮ್ಯಾನಿಟಾಲ್ ಎಂಬ ಔಷಧ ಬೀದರಿನ ಚಳಿಗಾಲದಲ್ಲಿ ಹರಳುಗಟ್ಟುವುದುಂಟು. ಬಾಟಲಿಯನ್ನು ಬೆಚ್ಚಗೆ ಮಾಡಿ, ಹರಳು ಪೂರ್ತಿ ಕರಗಿ, ಬಿಸಿ ಆರಿದ ಮೇಲೆಯೇ ಏರಿಸಬೇಕು.

ಹೊರಗಿನವರಿಗೆ ತಿಳಿಯದ ತೊಂದರೆ ಇರುವುದು ಆಪರೇಷನ್ ಆದಮೇಲೆ. ಐಸಿಯುನಲ್ಲಿ ಮೊದಲ ದಿನ ಗಂಟೆಗೊಮ್ಮೆಯಾದರೂ ಪ್ರಜ್ಞೆಗೆ ಅಂಕ ಕೊಡುತ್ತಾರೆ: ಹೆಚ್ಚೆಂದರೆ ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15. ರಕ್ತಸ್ರಾವದ ಭಯ ಮೊದಲ 6 ತಾಸಿನಲ್ಲಿ ಹೆಚ್ಚು. ಅಂಕ 2 ಇಳಿದರೆ, ಇಲ್ಲವೇ ಒಂದು ಕಣ್ಣಿನ ಪಾಪೆ ಹಿಗ್ಗಿದರೆ, ತಡಮಾಡದೆ ಸಿಟಿ ಸ್ಕ್ಯಾನ್. ಮಾತಿನ ಅಂಕ ನಿಂತಿರುವುದೇ ಹೆಸರು, ಊರು, ತಿಂಗಳು ಕೇಳಿದಾಗ ಬರುವ ಉತ್ತರದ ಮೇಲೆ. ತೆಲುಗಿನಲ್ಲಿ ಕೇಳಿದರೆ ಜೇವರ್ಗಿ ಕಡೆಯ ಅಜ್ಜಿ ಏನಂತಾಳೆ? ಅಂಕ ಸುಳ್ಳೇ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಜಕ್ಕೂ ಮಾತು ನಿಂತಾಗ 'ಭಾಷೆ ಬರಲ್ಲ' ಎಂದು ಸುಮ್ಮನಾಗುವುದು.

ಆದ್ದರಿಂದ ಆಪರೇಷನ್ನಿಗೆ ಮುಂಚೆಯೇ 'ಕಣ್ ತೆರೀರಿ', 'ಕೈ ಎತ್ತ್ರಿ', 'ನಿಮ್ಮ ಹೆಸರೇನ್ರಿ' ಎಂಬ ಮನೆಮಾತನ್ನು ತೆಲುಗು ಲಿಪಿಯಲ್ಲಿ ಬರೆಸಿ ಸಿಸ್ಟರ್ ಕೈಗೆ ಕೊಡಿ. ಕಿವಿ ಮಂದವೇ, ಯಾವ ಕೈ ಮೊದಲಿಂದ ಸೋತಿದೆ, ಕಣ್ಣಿನ ಪೊರೆ ತೆಗೆಸಿದೆಯೇ, ಅದನ್ನೂ ಹೇಳಿ. ಪೊರೆ ತೆಗೆಸಿದ ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗದೆ ದಾರಿ ತಪ್ಪಿಸಬಹುದು.

ಡಿಸ್ಚಾರ್ಜ್ ಆಗುವಾಗ, ಬಾವು ಇಳಿಸುವ ಸ್ಟಿರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ಯಾವ ತಾರೀಕಿಗೆ ಎಷ್ಟಕ್ಕೆ ಇಳಿಸಬೇಕೆಂದು ಬರೆಸಿಕೊಂಡೇ ಹೊರಡಿ. ಒಮ್ಮೆಲೇ ಬಿಟ್ಟರೆ ಬಾವು ಮರಳಬಹುದು, ಬಿಪಿ ಬೀಳಬಹುದು. ಮೊದಲು ಶುಗರ್ ಇಲ್ಲದವರಿಗೂ ಈ ಮಾತ್ರೆಯಿಂದ ಅದು ಏರಬಹುದು. ಶುಗರ್ ಪರೀಕ್ಷೆಗೆ ಹೈದರಾಬಾದಿಗೆ ಹೋಗಬೇಕಿಲ್ಲ, ಊರಿನ ದವಾಖಾನೆಯಲ್ಲೇ ಆಗುತ್ತದೆ.