ಕಿಂಡಲ್ಲಾ, ಟ್ಯಾಬಾ?

ಪ್ರಶ್ನೆ: ಸಾರ್, ನಮ್ಮ ಮಾವನವ್ರು ಮೇಷ್ಟ್ರಾಗಿ ರಿಟೈರ್ ಆದವ್ರು, ದಿನವಿಡೀ ಓದ್ತಾರೆ, ಬರೀ ಕನ್ನಡ. ಫೋನಲ್ಲಿ ಓದಿದ್ರೆ ಕಣ್ಣುರಿ ಅಂತಾರೆ. ಇ-ಬುಕ್ ಓದೋಕೇ ಅಂತ ಅಮೆಜಾನ್ ಮಾಡೋ ಕಿಂಡಲ್ ಕೊಡ್ಸೋಣ ಅಂತ ನಾನು, ಅದೇ ದುಡ್ಡಿಗೆ ಟ್ಯಾಬೇ ಬರುತ್ತೆ, ವಿಡಿಯೋ ಕಾಲೂ ಆಗುತ್ತೆ ಅಂತ ನಮ್ಮೆಜಮಾನ್ರು. ಯಾವ್ದು ತಗೊಳ್ಳೋದು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಯಜಮಾನ್ರು ಗೆದ್ರು ಅಂತಿಟ್ಕೊಳಿ, ಆದ್ರೆ ವಿಡಿಯೋ ಕಾಲ್ ಕಾರಣಕ್ಕಲ್ಲ.

ಕಣ್ಣಿನ ವಿಷ್ಯದಲ್ಲಿ ನೀವು ಹೇಳೋದು ಸರೀನೇ. ಕಿಂಡಲ್‌ನ ಇ-ಇಂಕ್ ಪರದೆಯೊಳಗೆ ಕಪ್ಪು ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತೆ, ಕರೆಂಟ್ ಬೇಕಾಗೋದು ಮುಖ್ಯವಾಗಿ ಪುಟ ಬದಲಾಗುವಾಗ, ಅದಕ್ಕೇ ಚಾರ್ಜು ವಾರಗಟ್ಲೆ ಬರುತ್ತೆ, ಬಿಸಿಲಲ್ಲಿ ಜಗಲಿ ಮೇಲೆ ಕೂತ್ರೂ ಪೇಪರ್ ಥರಾನೇ ಕಾಣುತ್ತೆ. ಕ್ಯಾಮೆರಾ ಇಲ್ಲ, ಯೂಟ್ಯೂಬ್ ಇಲ್ಲ, ಬಹಳಷ್ಟು ಮಾಡೆಲ್ಲಲ್ಲಿ ಬಣ್ಣಾನೂ ಇಲ್ಲ. ಓದೋರಿಗೆ ಇದ್ಯಾವ್ದೂ ಕೊರತೆ ಅಲ್ಲ ಬಿಡಿ.

ತೊಂದ್ರೆ ಇರೋದು ಪುಸ್ತಕದ್ದು. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಬಂದ್ವು, ಕನ್ನಡ ಆ ಪಟ್ಟೀಲಿ ಇರ್ಲಿಲ್ಲ. ಕನ್ನಡದ ಇ-ಬುಕ್ಕು ಬೇಕಂದ್ರೆ ಮೈಲ್ಯಾಂಗ್ ಥರದ ಆಪ್‌ಗೆ ಹೋಗ್ಬೇಕು, ಅದು ಆಂಡ್ರಾಯ್ಡಲ್ಲಿ ಐಫೋನಲ್ಲಿ ಓಡುತ್ತೆ, ಕಿಂಡಲ್‌ಗೆ ಹಾಕ್ಕೊಳ್ಳೋಕೆ ಆಗಲ್ಲ. ಇನ್ನು ಪುಸ್ತಕಗಳನ್ನ ಪುಕ್ಕಟೆ ಓದೋಕೆ ಕೊಡೋ ವೆಬ್‌ಸೈಟ್ ಆರ್ಕೈವ್.ಆರ್ಗ್‌ನಲ್ಲಿ ಸಿಗೋ ಹಳೇ ಪುಸ್ತಕಗಳ ಪಿಡಿಎಫ್ ಹಾಕ್ಕೊಂಡ್ರಾಯ್ತು ಅಂತೀರೇನೋ. ಅವು ಸ್ಕ್ಯಾನ್ ಮಾಡಿದ್ದು, ಅಂದ್ರೆ ಪುಟದ ಫೋಟೋ, ಹಾಗಾಗಿ ಫಾಂಟ್ ದೊಡ್ಡದು ಮಾಡೋ ಬಟನ್ ಕೆಲ್ಸಕ್ಕೆ ಬರಲ್ಲ. ಆರೇಳು ಇಂಚಿನ ಪರದೇಲಿ ಒತ್ತಕ್ಷರ ಎಲ್ಲಾ ಕಾಗುಣಿತದ ಕಾಲಡಿ ಸೇರ್ಕೊಂಡು ಕಪ್ಪು ಚುಕ್ಕೆ ಆಗಿಬಿಡುತ್ತೆ. ಜೂಮ್ ಮಾಡಿದ್ರೆ ಸಾಲಿನ ಕೊನೇವರೆಗೂ ಎಳೀಬೇಕು, ಮತ್ತೆ ಮುಂದಿನ ಸಾಲಿಗೆ ವಾಪಸ್ ಬರ್ಬೇಕು, ಒಂದೊಂದ್ಸಲಾನೂ ಪರದೆ ತಡವರಿಸುತ್ತೆ. ಎರಡು ಪುಟಕ್ಕೇ ಮೇಷ್ಟ್ರಿಗೆ ಸಿಟ್ಟು ಬರೋದು ಗ್ಯಾರಂಟಿ!

ಅದಕ್ಕೇ 10-11 ಇಂಚಿನ ಆಂಡ್ರಾಯ್ಡ್ ಟ್ಯಾಬ್ ತಗೊಳಿ. ಅಂಗಡೀಲೇ ಒಂದು ಸ್ಕ್ಯಾನ್ ಪಿಡಿಎಫ್ ತೆಗೆದು ಮಾವನವ್ರ ಕೈಗೇ ಕೊಟ್ಟು ಓದ್ಸಿ. ತೂಕ ಅರ್ಧ ಕೇಜಿ ಹತ್ರ ಇರುತ್ತೆ, ಕಿಂಡಲ್ ಇದರ ಅರ್ಧಾನೂ ಇಲ್ಲ, ಸೋ ಒಂದು ಸ್ಟ್ಯಾಂಡು ಜೊತೇಲೇ ಇರ್ಲಿ. ಬ್ರೈಟ್‌ನೆಸ್ ಇಳಿಸಿ, ರೀಡಿಂಗ್ ಮೋಡ್ ಇದ್ರೆ ಹಾಕ್ಕೊಡಿ, ಕಣ್ಣುರಿ ಪೂರ್ತಿ ಹೋಗಲ್ಲ ಆದ್ರೂ ಫೋನಿಗಿಂತ ವಾಸಿ. ಬೂಕ್ಸ್ ಅಂತ ಆಂಡ್ರಾಯ್ಡ್ ಇರೋ ಇ-ಇಂಕ್ ಸಾಧನಗಳೂ ಇವೆ, ಆಪ್ ಹಾಕ್ಬೋದು, ಆದ್ರೆ ಸ್ಕ್ರೋಲ್ ಮಾಡಿದ್ರೆ ಹಳೇ ಅಕ್ಷರದ ನೆರಳು ಉಳ್ಕೊಳ್ಳುತ್ತೆ, ದೊಡ್ಡ ಪರದೇದಕ್ಕೆ ರೇಟೂ ಜಾಸ್ತಿ.

ಪ್ರಶ್ನೆ: ನಾನು ಬಸ್ಸಲ್ಲಿ ಇಂಗ್ಲಿಷ್ ಕಾದಂಬರಿ ಮಾತ್ರ ಓದೋದು. ನನಗೂ ಟ್ಯಾಬೇನಾ?
– ಓದುಗರು, ಬೆಂಗಳೂರು

ಉತ್ತರ: ಬೇಡ, ನಿಮಗೆ ಕಿಂಡಲ್ಲೇ ಸರಿ. ಮೆಮೊರಿ ಕಾರ್ಡ್ ಹಾಕೋಕೆ ಜಾಗ ಇಲ್ಲ ಅಂತ ಗಾಬರಿ ಆಗ್ಬೇಡಿ, ಒಳಗಿರೋ 16 ಜಿಬಿ ಜಾಗಕ್ಕೇ ಸಾವಿರಾರು ಕಾದಂಬರಿ ಹಿಡಿಯುತ್ತೆ. ಮಧ್ಯದಲ್ಲಿ ವಾಟ್ಸಾಪ್ ಬರಲ್ಲ ಅನ್ನೋದೂ ಅದರ ಕೊರತೇನೇ, ನಿಮಗೆ ಅದೇ ಲಾಭ.