ಹೀಲಿಯಂನಲ್ಲಿ ಬೆರೆತಿರುವ ಬೇರೆ ಅನಿಲವನ್ನು ಪ್ಲಾಸ್ಮಾದ ಎಲೆಕ್ಟ್ರಾನ್‌ಗಳಿಂದ ಹೇಗೆ ಪತ್ತೆ ಹಚ್ಚುತ್ತಾರೆ?

ಹೀಲಿಯಂನಲ್ಲಿ ಒಂಚೂರು ಆರ್ಗಾನ್ ಸೇರಿದೆ ಅಂದುಕೊಳ್ಳಿ. ಅದರಲ್ಲಿ ಕರೆಂಟ್ ಹರಿಸಿ ಪ್ಲಾಸ್ಮಾ (ಬಿಡಿ ಎಲೆಕ್ಟ್ರಾನ್‌ಗಳಿರುವ ಅನಿಲ) ಮಾಡಿದರೆ ಕೆಲವು ಹೀಲಿಯಂ ಪರಮಾಣುಗಳು 19.8 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ) ಶಕ್ತಿ ತುಂಬಿಕೊಂಡು ಕೂರುತ್ತವೆ. ಬೆಳಕು ಚೆಲ್ಲಿ ಅದನ್ನು ಕಳೆದುಕೊಳ್ಳುವುದು ಅವಕ್ಕೆ ಸುಲಭವಲ್ಲ. ಅಂಥದ್ದೊಂದು ಆರ್ಗಾನ್‌ಗೆ ತಾಗಿದರೆ ಆರ್ಗಾನ್‌ನಿಂದ ಎಲೆಕ್ಟ್ರಾನ್ ಹೊರಗೆ ಹಾರುತ್ತದೆ. ಇದಕ್ಕೆ ಪೆನ್ನಿಂಗ್ ಅಯಾನೀಕರಣ ಎಂದು ಹೆಸರು.

ಇನ್ನು ಲೆಕ್ಕ ಸುಲಭ. ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳಲು 15.76 ಖರ್ಚು, ಉಳಿದ ಸುಮಾರು 4 ಹಾರಿದ ಎಲೆಕ್ಟ್ರಾನ್‌ಗೆ ಸಿಗುತ್ತದೆ. ಕಾರ್ಬನ್ ಡೈಆಕ್ಸೈಡ್ ಆದರೆ ಖರ್ಚು 13.8, ಉಳಿಕೆ 6. ಆ ಉಳಿಕೆಯೇ ಅನಿಲದ ಗುರುತು!

ದಾರಿಯಲ್ಲಿ ಹೀಲಿಯಂಗೆ ಡಿಕ್ಕಿ ಹೊಡೆದು ಆ ಶಕ್ತಿ ಹಾಳಾಗಲ್ವಾ? ನನಗೆ ತುಂಬಾ ಇಷ್ಟವಾದ ಭಾಗ ಇದೇ. ಹೀಲಿಯಂ ಪರಮಾಣು ಎಲೆಕ್ಟ್ರಾನ್‌ಗಿಂತ ಸುಮಾರು 7,300 ಪಟ್ಟು ಭಾರ. ಗೋಡೆಗೆ ಹೊಡೆದ ಚೆಂಡಿನಂತೆ ಎಲೆಕ್ಟ್ರಾನ್ ದಿಕ್ಕು ಬದಲಿಸುತ್ತದೆ, ಶಕ್ತಿ ಮಾತ್ರ ಪ್ರತಿ ಡಿಕ್ಕಿಗೆ ಸರಾಸರಿ 3,650ರಲ್ಲಿ ಒಂದು ಪಾಲಷ್ಟೇ ಕಳೆದುಕೊಳ್ಳುತ್ತದೆ. ಹಾಗಾಗಿ ಜಾಸ್ತಿ ನಿರ್ವಾತ ಬೇಕಿಲ್ಲ. ಆದರೆ ಅಳೆಯುವ ಜಾಗದಲ್ಲಿ ವಿದ್ಯುತ್ ಕ್ಷೇತ್ರ ತೀರಾ ಕಡಿಮೆ ಇರಬೇಕು, ಇಲ್ಲದಿದ್ದರೆ ಅದೇ ಎಲೆಕ್ಟ್ರಾನ್‌ಗಳನ್ನು ತಳ್ಳಿ ಗುರುತು ಕೆಡಿಸುತ್ತದೆ. ಕ್ಯಾಥೋಡ್ (ಋಣ ವಿದ್ಯುದ್ವಾರ) ಹತ್ತಿರ ಹೊಳೆಯುವ ಭಾಗ ಇದಕ್ಕೆ ಸರಿ.

ಅಲ್ಲಿ ಒಂದು ಸಣ್ಣ ತಂತಿ ಇಟ್ಟು, ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆಯುತ್ತಾರೆ. ಕರೆಂಟಿನ ಎರಡನೇ ಡೆರಿವೇಟಿವ್ (ಕರೆಂಟ್ ಬದಲಾಗುವ ವೇಗವೇ ಹೇಗೆ ಬದಲಾಗುತ್ತದೆ ಎಂಬುದು) ಗ್ರಾಫಿನಲ್ಲಿ, ಎಲೆಕ್ಟ್ರಾನ್‌ಗಳ ಆ ಉಳಿಕೆ ಶಕ್ತಿ ಇರುವ ಕಡೆ ಉಬ್ಬುಗಳು ಕಾಣುತ್ತವೆ.

ಆರ್ಗಾನ್, ನೈಟ್ರೋಜನ್ ಎರಡೂ ಇದ್ದರೆ ಉಬ್ಬುಗಳು ಅಂಟಿಕೊಂಡಂತಿರುತ್ತವೆ, ಬಿಡಿಸುವುದು ಕಷ್ಟ. ನಿಯಾನ್ ಸಿಗುವುದೇ ಇಲ್ಲ, ಅದಕ್ಕೆ 21.6 ಬೇಕು.