ವಿದೇಶದಿಂದ ಮರಳಿದ ಮೇಲೆ ಮನೆಯ ಸದ್ದೇ ಸಹಿಸಲಾಗುತ್ತಿಲ್ಲ

ಪ್ರಶ್ನೆ: ಕೆಲಸದ ನಿಮಿತ್ತ ಒಂದು ವರ್ಷ ಹೊರದೇಶದ ಸಣ್ಣ ಊರಿನಲ್ಲಿ ಒಬ್ಬಳೇ ಇದ್ದೆ. ಸಂಜೆಯೆಲ್ಲ ನನ್ನದೇ, ಸದ್ದಿಲ್ಲ. ಮನೆಗೆ ಬಂದು ಆರು ವಾರವಾಯಿತು. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು. ಟಿವಿ, ಫೋನು, ಮಾತು ಎಲ್ಲ ಒಟ್ಟಿಗೆ ಕೇಳಿದರೆ ತಲೆ ಸಿಡಿಯುತ್ತದೆ. ದಿನವಿಡೀ ಇಯರ್‌ಪ್ಲಗ್ ಹಾಕಿಕೊಂಡಿರುತ್ತೇನೆ. ಆದರೂ ಈಚೆಗೆ ಚಮಚ ಬಿದ್ದರೂ ಬೆಚ್ಚುತ್ತೇನೆ. 'ನೀನು ಮೊದಲಿನ ಹಾಗಿಲ್ಲ' ಅಂತ ಅಮ್ಮ ಕಣ್ಣೀರು ಹಾಕುತ್ತಾರೆ. ಬೇರೆ ಮನೆ ಮಾಡಲೇ? ವಾಪಸ್ ಹೋಗಿಬಿಡಲೇ?

ಉತ್ತರ: ಎರಡೂ ಈಗ ಬೇಡ. ಮೊದಲು ಇಯರ್‌ಪ್ಲಗ್ ವಿಷಯ ನೋಡೋಣ. ನೀವು ಬೆಚ್ಚಿಬೀಳಲು ಅದೂ ಒಂದು ಕಾರಣ ಇರಬಹುದು. ಕಿವಿಗೆ ಸದ್ದು ಕಡಿಮೆ ಬಂದಷ್ಟೂ ಮಿದುಳು ತನ್ನೊಳಗಿನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ಸತತವಾಗಿ ಪ್ಲಗ್ ಹಾಕಿಕೊಂಡವರಿಗೆ ಅದನ್ನು ತೆಗೆದ ಮೇಲೆ ಮಾಮೂಲಿ ಸದ್ದೇ ಮೊದಲಿಗಿಂತ ಜೋರಾಗಿ ಕೇಳಿಸಿತ್ತು.

ಹಾಗಂತ ಒಂದೇ ಸಲ ಕಿತ್ತೆಸೆಯಬೇಡಿ. ಮನೆ ಸ್ವಲ್ಪ ತಣ್ಣಗಿರುವ ಹೊತ್ತು ನೋಡಿ ಮೊದಲ ಮೂರು ದಿನ ಒಂದು ತಾಸು ತೆಗೆದಿಡಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ತಾಸು ಹೆಚ್ಚಿಸುತ್ತ ಹೋಗಿ. ಆ ಹೊತ್ತಿನಲ್ಲಿ ಫ್ಯಾನ್ ಅಥವಾ ಮಳೆಯ ಸದ್ದಿನ ರೆಕಾರ್ಡಿಂಗ್ ಮೆಲ್ಲಗೆ ಇರಲಿ, ಮಾತಿಗಿಂತ ಕಡಿಮೆ ದನಿಯಲ್ಲಿ. ಪೂರ್ತಿ ನಿಶ್ಶಬ್ದದಲ್ಲಿ ಚಮಚ ಬಿದ್ದರೆ ಬೆಚ್ಚುವಷ್ಟು, ಸಣ್ಣ ಸದ್ದಿನ ನಡುವೆ ಬಿದ್ದರೆ ಬೆಚ್ಚುವುದಿಲ್ಲ. ಕೊನೆಗೆ ಪ್ಲಗ್ ನಿದ್ದೆಗೆ ಮತ್ತು ಡ್ರಿಲ್ಲಿಂಗ್‌ನಂಥ ನಿಜವಾದ ಗದ್ದಲಕ್ಕೆ ಮಾತ್ರ ಉಳಿಯಬೇಕು. ಫೋಮ್ ಪ್ಲಗ್ ಆದರೆ ಕೈ ತೊಳೆದು, ಸಪೂರ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ. ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ. ಅರ್ಧಕ್ಕರ್ಧ ಹೊರಗೇ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ ಅಂತ. ಕಿವಿ ನೋವು, ಗುಂಯ್‌ಗುಡುವುದು, ಕೇಳಿಸುವುದು ಕಡಿಮೆಯಾಗುವುದು ಇದ್ದರೆ ಕಿವಿ ವೈದ್ಯರಿಗೆ ತೋರಿಸಿ.

ಇನ್ನು ಮನಸ್ಸಿನ ವಿಷಯ. ಪರದೇಶಕ್ಕೆ ಹೋದಾಗ ಆಗುವ ಕಸಿವಿಸಿ ಮರಳಿದಾಗ ಮತ್ತೊಮ್ಮೆ ಆಗುತ್ತದೆ ಎಂದು ಅಮೆರಿಕದ ಸಂಶೋಧಕರಾದ ಗಲ್ಲಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಹೋಗುವಾಗ ಕಷ್ಟವಿರುತ್ತದೆಂದು ತಯಾರಾಗಿ ಹೋಗುತ್ತೇವೆ. ಮನೆಗೆ ಬರುವಾಗ ಆ ತಯಾರಿ ಯಾರೂ ಮಾಡಿಕೊಳ್ಳುವುದಿಲ್ಲ. ಆರು ವಾರಕ್ಕೆ ಅದು ಇಳಿಯದಿದ್ದರೆ ನಿಮ್ಮಲ್ಲೇನೋ ದೋಷವಿದೆ ಅಂತಲ್ಲ.

ನೀವು ಕಳೆದುಕೊಂಡಿರುವುದು ಬರೀ ನಿಶ್ಶಬ್ದವನ್ನಲ್ಲ, ಸದ್ದಿನ ಮೇಲಿದ್ದ ಹಿಡಿತವನ್ನು ಎಂದು ನನಗನ್ನಿಸುತ್ತದೆ. ಗ್ಲಾಸ್ ಮತ್ತು ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಕೆಲವರಿಗೆ ಗದ್ದಲ ಕೇಳಿಸಿ, ಬೇಕಾದರೆ ನಿಲ್ಲಿಸಲು ಒಂದು ಗುಂಡಿಯನ್ನೂ ಕೊಟ್ಟಿದ್ದರು. ಗುಂಡಿ ಒತ್ತದಿದ್ದರೂ, ಅದು ಇದೆಯೆಂದು ಗೊತ್ತಿದ್ದವರು ಗುಂಡಿಯಿಲ್ಲದವರಿಗಿಂತ ಆಮೇಲಿನ ಕೆಲಸದಲ್ಲಿ ಕಡಿಮೆ ಎಡವಿದರು. ನಿಮಗೂ ಅಂಥದ್ದೊಂದು ಗುಂಡಿ ಬೇಕು.

ಕೆಲಸದಿಂದ ಬಂದ ಮೇಲೆ ನಲವತ್ತು ನಿಮಿಷ, ದಿನವೂ ಅದೇ ಹೊತ್ತಿಗೆ, ಒಬ್ಬರೇ ಇರಿ. ಪ್ರತ್ಯೇಕ ಕೋಣೆಯಿಲ್ಲದಿದ್ದರೆ ಎಲ್ಲರೂ ಏಳುವ ಮುಂಚಿನ ಹೊತ್ತು ಆದೀತು. ಇಲ್ಲಿ ಬಹಳ ಜನ ತಪ್ಪುವುದು ಒಂದೇ ಕಡೆ: ಹೇಳದೆ ಎದ್ದು ಹೋಗುತ್ತಾರೆ, ಇಲ್ಲವೇ ತಲೆನೋವೆಂದು ಸುಳ್ಳು ಹೇಳುತ್ತಾರೆ. ಮುಚ್ಚಿದ ಬಾಗಿಲು ನೋಡಿದ ಅಮ್ಮನಿಗೆ ಅದು ಸಿಟ್ಟಾಗಿ ಕಾಣುತ್ತದೆ. "ಅಮ್ಮಾ, ಏಳೂವರೆ ತನಕ ಒಬ್ಬಳೇ ಕೂತಿರ್ತೀನಿ, ಆಮೇಲೆ ನಿನ್ನ ಹತ್ರ ಬರ್ತೀನಿ" ಅನ್ನಿ. ಏಳೂವರೆಗೆ ಸರಿಯಾಗಿ ಬನ್ನಿ, ಫೋನು ಒಳಗಿಟ್ಟು ಬನ್ನಿ. ಎರಡು ದಿನ ತಡಮಾಡಿದರೂ ಆ ಮಾತಿಗೆ ಬೆಲೆಯಿರುವುದಿಲ್ಲ. ಮಕ್ಕಳಿಗೆ ಗಡಿಯಾರ ತೋರಿಸಿ, ಮುಳ್ಳು ಎಲ್ಲಿಗೆ ಬಂದರೆ ಅತ್ತೆ ಹೊರಬರುತ್ತಾಳೆಂದು ಹೇಳಿಕೊಡಿ. ಊಟದ ಹೊತ್ತಿಗೆ ಟಿವಿ ಆರಿಸಿ ಎಂದು ಅಣ್ಣನನ್ನು ಕೇಳಬಹುದು. ಅದೊಂದೇ ಕೇಳಿ, ಹತ್ತು ಬೇಡಿಕೆ ಇಡಬೇಡಿ. 'ಅಲ್ಲಿ ಹೀಗಿರಲಿಲ್ಲ' ಎಂಬ ಮಾತನ್ನಂತೂ ಸದ್ಯಕ್ಕೆ ಬಿಟ್ಟೇಬಿಡಿ.

ಬೇರೆ ಮನೆಯ ಯೋಚನೆಯನ್ನು ಮೂರು ತಿಂಗಳು ಮುಂದೂಡಿ. ಅಲ್ಲಿಯವರೆಗೆ ದಿನಕ್ಕೊಂದು ಸಾಲು ಬರೆದಿಡಿ: ಎಷ್ಟು ತಾಸು ನಿದ್ದೆ, ಯಾವ ಹೊತ್ತಿಗೆ ಸಿಡುಕಿದೆ, ಆಗ ಸುತ್ತ ಏನು ಸದ್ದಿತ್ತು. ಆಗಲೂ ಬೇರೆ ಮನೆ ಬೇಕೆನಿಸಿದರೆ ಧೈರ್ಯವಾಗಿ ಮಾಡಿ, ಅದು ಮನೆಯವರಿಗೆ ಮಾಡುವ ದ್ರೋಹವಲ್ಲ. ಆದರೆ ಎರಡು ವಾರ ಬಿಡದೆ ಮನಸ್ಸು ಕುಗ್ಗಿ, ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸೆಯಿಲ್ಲದಂತಾದರೆ ಮೂರು ತಿಂಗಳು ಕಾಯಬೇಡಿ, ಆ ವಾರವೇ ಮನೋವೈದ್ಯರನ್ನು ಕಾಣಿ. ಬರೆದಿಟ್ಟ ಸಾಲುಗಳನ್ನೂ ಜೊತೆಗೆ ಒಯ್ಯಿರಿ.